ಸಹಾಯ ಮಾಡುವವರ ಮೇಲೆ ಸಿಟ್ಟೇಕೆ?

ಪ್ರಶ್ನೆ: ನಮ್ಮಣ್ಣನ ಮಗನಿಗೆ ಐದು ವರ್ಷ. ಆಟಿಸಂ ಇದೆ ಅಂತ ಹೈದರಾಬಾದಿನ ಡಾಕ್ಟರು ಹೇಳಿದ್ದಾರೆ. ಬಿಹೇವಿಯರ್ ಥೆರಪಿ ಕೊಡಿಸಿ, ತಾಸು ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೇದು ಅಂದರಂತೆ. ಆದರೆ ಆಟಿಸಂ ಇರುವ ದೊಡ್ಡವರೇ ಈ ಥೆರಪಿ ಬೇಡ ಅಂತಾರೆ, ಆಟಿಸಂ ಹೆಸರಿನ ದೊಡ್ಡ ಸಂಸ್ಥೆಗಳನ್ನೂ ನಂಬೋದಿಲ್ಲ ಅಂತ ಓದಿದೆ. ಸಹಾಯ ಮಾಡೋರ ಮೇಲೆ ಅವರಿಗೆ ಯಾಕಿಷ್ಟು ಸಿಟ್ಟು? ಇದರಲ್ಲಿ ನಾವು ಏನನ್ನ ನಂಬಬೇಕು?
– ಓದುಗರೊಬ್ಬರು, ಶಕ್ತಿನಗರ, ರಾಯಚೂರು ಜಿಲ್ಲೆ

ಉತ್ತರ: ಆಟಿಸಂ ಇರುವ ದೊಡ್ಡವರು ಸಹಾಯವೇ ಬೇಡ ಎನ್ನುತ್ತಿಲ್ಲ. ಗದ್ದಲ ತಡೆಯಲಾಗದೆ, ಹೊಟ್ಟೆನೋವು ಬಂದರೂ ಹೇಳಿಕೊಳ್ಳಲಾಗದೆ, ದಿನಚರಿ ತುಸು ಬದಲಾದರೂ ಕಂಗಾಲಾಗಿ ಬೆಳೆದವರು ಅವರಲ್ಲಿ ಬಹಳ ಮಂದಿ. ಆ ಕಷ್ಟ ಇಳಿಸುವ ಸಹಾಯ ಅವರಿಗೆ ಬೇಕಿತ್ತು. ಸಿಕ್ಕ ಚಿಕಿತ್ಸೆಯ ಗುರಿ ಬೇರೆಯೇ ಇತ್ತು: ಈ ಮಗು ಉಳಿದ ಮಕ್ಕಳ ಹಾಗೆ ಕಾಣಬೇಕು. ಮಗುವಿನ ಕಷ್ಟ ಒಳಗೇ ಉಳಿಯಿತು, ನೋಡುವವರ ಮುಜುಗರ ಕಡಿಮೆಯಾಯಿತು. ಸಿಟ್ಟು ಹುಟ್ಟಿದ್ದು ಇಲ್ಲಿ.

ನಿಮ್ಮ ಡಾಕ್ಟರು ಹೇಳಿದ ಥೆರಪಿ ಬಹುಶಃ ಎಬಿಎ, ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್. ಆಟಿಸಂ ಇರುವ ಮಕ್ಕಳಿಗೆ ಇದನ್ನು ರೂಪಿಸಿದವರಲ್ಲಿ ದೊಡ್ಡ ಹೆಸರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಓಲೆ ಐವರ್ ಲೋವಾಸ್ ಅವರದು. ವಿಧಾನ ಸರಳ. ಕಲಿಸಬೇಕಾದ್ದನ್ನು ಸಣ್ಣ ಸಣ್ಣ ತುಣುಕು ಮಾಡುತ್ತಾರೆ. ‘ನನ್ನ ಕಡೆ ನೋಡು’ ಎನ್ನುತ್ತಾರೆ. ಮಗು ನೋಡಿದರೆ ಬಿಸ್ಕತ್ತೋ ಇಷ್ಟದ ಆಟಿಕೆಯೋ ಸಿಗುತ್ತದೆ, ನೋಡದಿದ್ದರೆ ಇಲ್ಲ. ಇದು ದಿನಕ್ಕೆ ನೂರಾರು ಸಲ ನಡೆಯುತ್ತದೆ. 1960ರ ದಶಕದಲ್ಲಿ ಲೋವಾಸ್ ಅವರ ಪ್ರಯೋಗಗಳಲ್ಲಿ ಕೂಗಾಟ, ಕಪಾಳಕ್ಕೆ ಹೊಡೆತ, ವಿದ್ಯುತ್ ಶಾಕ್ ಕೂಡ ಇದ್ದವು. 1965ರಲ್ಲಿ ಅಮೆರಿಕದ ಲೈಫ್ ಪತ್ರಿಕೆ ಅದನ್ನು ಫೋಟೋ ಸಮೇತ ಪ್ರಕಟಿಸಿತು.

ಮುಂದೆ 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಈ ಥೆರಪಿಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ವಾರಕ್ಕೆ 40 ತಾಸು ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರು, ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಸಾಮಾನ್ಯ ಅಂಕ ಪಡೆದರು ಎಂದು ಅದು ಹೇಳಿತು. ಆ ಮಕ್ಕಳಿಗೂ ‘ನೋ’ ಎಂದು ಗದರುವುದು, ತೊಡೆಗೆ ಏಟು ಕೊಡುವುದು ನಡೆದಿತ್ತು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿಷ್ಪಕ್ಷಪಾತವಾಗಿ ನಿರ್ಧರಿಸಿರಲಿಲ್ಲ. ‘ತಾಸು ಜಾಸ್ತಿ ಆದಷ್ಟೂ ಒಳ್ಳೆಯದು’ ಎಂದು ನಿಮ್ಮಣ್ಣ ಕೇಳಿಸಿಕೊಂಡ ಮಾತಿನ ಬೇರು ಆ 40 ತಾಸುಗಳಲ್ಲಿದೆ.

ಶಾಕ್ ಕೊಡುವುದೆಲ್ಲ ಹಳೆಯ ಕಾಲದ್ದು ಎಂದು ನೀವು ಅಂದುಕೊಳ್ಳಬಹುದು. ಆದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜಡ್ಜ್ ರೋಟನ್‌ಬರ್ಗ್ ಸೆಂಟರ್ ಎಂಬ ವಸತಿ ಸಂಸ್ಥೆಯಲ್ಲಿ ಆಟಿಸಂ ಇರುವವರ ಮೈಗೆ ಶಾಕ್ ಯಂತ್ರ ಕಟ್ಟುವ ಪದ್ಧತಿ ಈ ಶತಮಾನಕ್ಕೂ ದಾಟಿ ಬಂತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅದನ್ನು ನಿಷೇಧಿಸಿತು, 2021ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ಬಳಿಕ ಕಾನೂನನ್ನೇ ತಿದ್ದಲಾಯಿತು, 2024ರಲ್ಲಿ ಎಫ್‌ಡಿಎ ಮತ್ತೆ ನಿಷೇಧದ ಪ್ರಸ್ತಾವ ತಂದಿತು. ಎಬಿಎ ವೃತ್ತಿಯವರ ಅಂತರರಾಷ್ಟ್ರೀಯ ಸಂಘ ಈ ಯಂತ್ರವನ್ನು ಖಂಡಿಸಿ ನಿಲುವು ತಳೆದದ್ದು 2022ರಲ್ಲಿ. ಇಷ್ಟು ತಡವಾಗಿ ಎಚ್ಚೆತ್ತವರ ಮೇಲೆ ನಂಬಿಕೆ ಬರಲು ಸಮಯ ಬೇಕಾಗುತ್ತದೆ.

ಹೆಚ್ಚಿನ ಎಬಿಎ ಕೇಂದ್ರಗಳಲ್ಲಿ ಈಗ ಹೊಡೆತ ಬಡಿತ ಇಲ್ಲ. ನಗುಮುಖದ ಶಿಕ್ಷಕಿ ಇದ್ದಾರೆ, ಬಣ್ಣದ ಸ್ಟಿಕ್ಕರ್ ಇದೆ. ಆದರೂ ತಕರಾರು ನಿಂತಿಲ್ಲ, ಏಕೆಂದರೆ ಅದು ಹೊಡೆತದ ಬಗ್ಗೆ ಮಾತ್ರ ಇರಲಿಲ್ಲ. ‘ಕೈ ಆಡಿಸಬೇಡ, ಸುಮ್ಮನಿಡು’ ಎಂಬ ಅಪ್ಪಣೆಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಜೂಲಿಯಾ ಬ್ಯಾಸ್ಕಮ್ ಎಂಬ ಆಟಿಸಂ ಇರುವ ಲೇಖಕಿ ‘ಕ್ವಯಟ್ ಹ್ಯಾಂಡ್ಸ್’ ಎಂಬ ಪ್ರಬಂಧವನ್ನು ಬರೆದದ್ದು ಇದರ ಮೇಲೆಯೇ. ಕೈ ಬೀಸುವುದು, ತೂಗಾಡುವುದು, ಒಂದೇ ಶಬ್ದವನ್ನು ಗುನುಗುವುದು ಆಟಿಸಂ ಇರುವವರಿಗೆ ತಮ್ಮ ಮೈಮನಸ್ಸನ್ನು ಹದದಲ್ಲಿಟ್ಟುಕೊಳ್ಳುವ ದಾರಿ. ದೇವಸೂಗೂರಿನ ಜಾತ್ರೆಯ ಗದ್ದಲದಲ್ಲೋ ಮದುವೆಮನೆಯ ಬಾಜಾ ಬಜಂತ್ರಿಯಲ್ಲೋ ಸಿಕ್ಕಿಕೊಂಡ ಮಗು ಕೈ ಬೀಸುತ್ತಿದ್ದರೆ ಅದು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿರುತ್ತದೆ. ಆ ಕೈಯನ್ನು ಹಿಡಿದು ಮೇಜಿನ ಮೇಲೆ ಒತ್ತಿಟ್ಟರೆ ಗದ್ದಲ ಹಾಗೇ ಇರುತ್ತದೆ, ಅದನ್ನು ತಡೆದುಕೊಳ್ಳುವ ಉಪಾಯ ಮಾತ್ರ ಮಗುವಿನ ಕೈತಪ್ಪುತ್ತದೆ. ಎಡಗೈಯಲ್ಲಿ ಬರೆಯುವ ಮಕ್ಕಳ ಬೆರಳಿಗೆ ಪಟ್ಟಿಯಿಂದ ಹೊಡೆದು ಬಲಗೈ ರೂಢಿಸುತ್ತಿದ್ದ ಮೇಷ್ಟ್ರುಗಳನ್ನು ನಮ್ಮಲ್ಲಿ ಹಿರಿಯರು ನೆನಪಿಟ್ಟಿದ್ದಾರೆ. ಅಕ್ಷರ ಬಂತು ಎಂಬುದು ನಿಜ, ಆದರೆ ಆ ಏಟು ಯಾವ ತಪ್ಪಿಗೆ ಎಂದು ಮಗುವಿಗೆ ಎಂದೂ ತಿಳಿಯಲಿಲ್ಲ.

ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂಬ ಒತ್ತಾಯದ ಕಥೆಯೂ ಇದೇ. ಎದುರಿನವರ ಕಣ್ಣು ನೋಡುತ್ತಿದ್ದರೆ ಅವರ ಮಾತು ಕೇಳಿಸುವುದೇ ಇಲ್ಲ, ಮಾತು ಕೇಳಬೇಕೆಂದರೆ ಕಣ್ಣು ಬೇರೆಡೆ ಇರಬೇಕು ಎಂದು ಆಟಿಸಂ ಇರುವ ಬಹಳ ಜನ ವಿವರಿಸಿದ್ದಾರೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ದೊಡ್ಡವರು ಹೇಳಿದ್ದನ್ನು ಮರುಮಾತಿಲ್ಲದೆ ಮಾಡಿದಾಗಲೆಲ್ಲ ಬಹುಮಾನ ಪಡೆದು ಬೆಳೆದ ಮಗು ‘ಒಲ್ಲೆ’ ಎನ್ನುವುದನ್ನು ಕಲಿಯುವುದಿಲ್ಲ. ಮುಂದೆ ಯಾರಾದರೂ ಮೈಮೇಲೆ ಕೈಹಾಕಿದರೂ ಅದು ಸುಮ್ಮನಿರುತ್ತದೆ. ಸುಮ್ಮನಿರುವುದನ್ನೇ ಕಲಿಸಲಾಗಿತ್ತಲ್ಲ.

ಹೊರಗೆ ‘ಸರಿಹೋದ’ ಹಾಗೆ ಕಾಣುವವರು ದಿನವಿಡೀ ನಟಿಸಿ ಸಂಜೆಗೆ ಸುಸ್ತಾಗಿ ಬೀಳುತ್ತಾರೆ. ಈ ಮರೆಮಾಚುವಿಕೆಗೂ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳಿಗೂ ನಂಟಿದೆಯೆಂದು ಕಳೆದ ದಶಕದ ಹಲವು ಸಂಶೋಧನೆಗಳು ತೋರಿಸಿವೆ. ಆದರೂ ಚಿಕಿತ್ಸೆಯಿಂದ ಹಾನಿಯಾಯಿತೇ ಎಂದು ಕೇಳುವ ರೂಢಿ ಈ ಕ್ಷೇತ್ರದಲ್ಲಿ ಇರಲಿಲ್ಲ. ಎಳೆಯ ಮಕ್ಕಳಿಗೆ ಕೊಡುವ ಆಟಿಸಂ ಚಿಕಿತ್ಸೆಗಳ ಬಗೆಗಿನ 150 ಸಂಶೋಧನಾ ವರದಿಗಳನ್ನು ಕ್ರಿಸ್ಟನ್ ಬೊಟೆಮಾ-ಬ್ಯೂಟಲ್ ಮತ್ತು ಸಂಗಡಿಗರು ಪರಿಶೀಲಿಸಿ 2021ರಲ್ಲಿ ಬರೆದರು. 139 ವರದಿಗಳಲ್ಲಿ ಅಡ್ಡಪರಿಣಾಮದ ಪ್ರಸ್ತಾಪವೇ ಇರಲಿಲ್ಲ. ಮಾತ್ರೆಯೊಂದನ್ನು ಹೀಗೆ ಪರೀಕ್ಷಿಸಿದ್ದರೆ ಯಾವ ಸರ್ಕಾರವೂ ಅದನ್ನು ಮಾರಲು ಬಿಡುತ್ತಿರಲಿಲ್ಲ.

ಈಗ ಸಂಸ್ಥೆಗಳ ಮಾತು. 2005ರಲ್ಲಿ ಅಮೆರಿಕದಲ್ಲಿ ಬಾಬ್ ಮತ್ತು ಸುಜಾನ್ ರೈಟ್ ದಂಪತಿ ಮೊಮ್ಮಗನಿಗೆ ಆಟಿಸಂ ಎಂದು ತಿಳಿದ ಮೇಲೆ ‘ಆಟಿಸಂ ಸ್ಪೀಕ್ಸ್’ ಕಟ್ಟಿದರು. ಅದು ಬಹುಬೇಗ ಈ ಕ್ಷೇತ್ರದ ಅತಿ ಶ್ರೀಮಂತ ಸಂಸ್ಥೆಗಳಲ್ಲಿ ಒಂದಾಯಿತು. 2009ರಲ್ಲಿ ಅದು ಹೊರತಂದ ‘ಐ ಆ್ಯಮ್ ಆಟಿಸಂ’ ಎಂಬ ವಿಡಿಯೋದಲ್ಲಿ ಆಟಿಸಂ ಒಂದು ದುಷ್ಟಶಕ್ತಿಯ ಹಾಗೆ ಮಾತಾಡಿ, ನಿಮ್ಮ ಸಂಸಾರ ಮುರಿಯುತ್ತೇನೆ, ನಿಮ್ಮನ್ನು ದಿವಾಳಿ ಮಾಡುತ್ತೇನೆ ಎಂದು ಹೆದರಿಸುತ್ತದೆ. ಹೆದರಿಕೆ ಹುಟ್ಟಿಸಿದರೆ ದೇಣಿಗೆ ಬರುತ್ತದೆ, ನಿಜ. ಆದರೆ ಆ ವಿಡಿಯೋವನ್ನು ಆಟಿಸಂ ಇರುವ ಹುಡುಗನೂ ನೋಡುತ್ತಾನೆ, ಮನೆ ಮುರಿಯುವ ಶನಿ ತಾನೇ ಎಂದು ತಿಳಿಯುತ್ತಾನೆ. ಸಂಸ್ಥೆಯ ಸಲಹಾ ಮಂಡಳಿಯಲ್ಲಿದ್ದ, ಸ್ವತಃ ಆಟಿಸಂ ಇರುವ ಲೇಖಕ ಜಾನ್ ಎಲ್ಡರ್ ರಾಬಿಸನ್ 2013ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಆಟಿಸಂ ಗುಣಪಡಿಸುವುದು ಎಂಬ ಗುರಿಯನ್ನು ಸಂಸ್ಥೆ ತನ್ನ ಧ್ಯೇಯವಾಕ್ಯದಿಂದ ಕೈಬಿಟ್ಟದ್ದು 2016ರಲ್ಲಿ.

ಇದಕ್ಕೆ ಎದುರಾಗಿ ಆಟಿಸಂ ಇರುವವರು ತಾವೇ ಸಂಘಟಿತರಾದರು. 1993ರಲ್ಲಿ ಜಿಮ್ ಸಿಂಕ್ಲೇರ್ ತಂದೆತಾಯಿಗಳನ್ನು ಉದ್ದೇಶಿಸಿ, ನೀವು ಕನಸು ಕಂಡ ಮಗು ಬರಲಿಲ್ಲವೆಂದು ದುಃಖಪಡಿ, ಆದರೆ ಎದುರಿಗಿರುವ ಮಗು ಬದುಕಿದ್ದಾಗಲೇ ಅದಕ್ಕಾಗಿ ಶೋಕಿಸಬೇಡಿ ಎಂಬರ್ಥದಲ್ಲಿ ಬರೆದರು. ಏರಿ ನೀಮನ್ ಮತ್ತಿತರರು 2006ರಲ್ಲಿ ‘ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್’ ಶುರುಮಾಡಿದರು. ಮರುವರ್ಷ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಕ್ಕಳ ಕೇಂದ್ರವೊಂದು, ಆಟಿಸಂ ನಿಮ್ಮ ಮಗನನ್ನು ಅಪಹರಿಸಿದೆ ಎಂಬಂತೆ ಒತ್ತೆಹಣ ಕೇಳುವ ಪತ್ರದ ಮಾದರಿಯ ಜಾಹೀರಾತು ಹಾಕಿದಾಗ, ಇವರ ಪ್ರತಿಭಟನೆಗೆ ಮಣಿದು ಕೆಲವೇ ವಾರಗಳಲ್ಲಿ ಅದನ್ನು ತೆಗೆಯಬೇಕಾಯಿತು.

ನಮ್ಮ ಕರ್ನಾಟಕದಲ್ಲೇ ಬೆಳೆದ ಒಬ್ಬ ಹುಡುಗನ ಬರಹ ಈ ವಾದಕ್ಕೆ ದೊಡ್ಡ ಬಲ ಕೊಟ್ಟಿದೆ. 1989ರಲ್ಲಿ ಹುಟ್ಟಿದ ಟೀಟೋ ರಾಜರ್ಷಿ ಮುಖೋಪಾಧ್ಯಾಯ್‌ಗೆ ಮಾತು ಇಲ್ಲವೆನ್ನುವಷ್ಟು ಕಡಿಮೆ. ತಾಯಿ ಸೋಮಾ ಅವನಿಗೆ ಅಕ್ಷರದ ಹಲಗೆ ತೋರಿಸಿ, ಕೈಗೆ ಪೆನ್ಸಿಲ್ ಕೊಟ್ಟು ಬರೆಯಲು ಕಲಿಸಿದರು. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಅವನು ಬರೆದದ್ದು 2000ದಲ್ಲಿ ಬ್ರಿಟನ್ನಿನಲ್ಲಿ ‘ಬಿಯಾಂಡ್ ದ ಸೈಲೆನ್ಸ್’ ಎಂಬ ಪುಸ್ತಕವಾಯಿತು. ತನ್ನ ದೇಹ ಚೂರುಚೂರಾಗಿ ಚದುರಿದಂತೆ ಅನಿಸುತ್ತಿದ್ದುದನ್ನು, ಗಿರಗಿರನೆ ತಿರುಗಿದಾಗ ಅದು ಒಂದುಗೂಡಿದಂತೆ ಆಗುತ್ತಿದ್ದುದನ್ನು ಅವನು ಅದರಲ್ಲಿ ವಿವರಿಸಿದ್ದಾನೆ. ಹೊರಗಿನವರು ಹುಚ್ಚಾಟ ಅಂದುಕೊಂಡದ್ದರ ಒಳಗಿನ ಕಾರಣ ಇದು. ತಾಯಿ ಬಳಸಿದ ವಿಧಾನ ಎಲ್ಲ ಮಕ್ಕಳಿಗೂ ಹೊಂದುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಬಲವಾದ ಅನುಮಾನಗಳಿವೆ. ಆದರೆ ಮಾತಿಲ್ಲದ ಮಗುವಿನ ಒಳಗೆ ಯೋಚನೆಯೂ ಇಲ್ಲ ಎಂಬ ಉಡಾಫೆಗೆ ಟೀಟೋ ಬರಹ ತಡೆ ಹಾಕಿತು.

ಈ ವಾದದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ, ಹೆದ್ದಾರಿಗೆ ಓಡುವ, ಹನ್ನೆರಡು ವರ್ಷವಾದರೂ ಶೌಚ ಕಲಿಯದ ಮಗುವಿನ ತಾಯಿಗೆ ಈ ಚರ್ಚೆಯೆಲ್ಲ ದೂರದ್ದು ಅನಿಸಿದರೆ ತಪ್ಪಿಲ್ಲ. ಎಬಿಎ ತಂತ್ರಗಳಿಂದ ಇಂಥ ಅಪಾಯ ಕಡಿಮೆಯಾಯಿತು ಎನ್ನುವ ತಂದೆತಾಯಿಗಳಿದ್ದಾರೆ, ಅದರಿಂದ ತಮಗೆ ಒಳ್ಳೆಯದಾಯಿತು ಎನ್ನುವ ಆಟಿಸಂ ಇರುವವರೂ ಇದ್ದಾರೆ. ನಮ್ಮ ದೇಶದ ಆಟಿಸಂ ಸಂಸ್ಥೆಗಳಲ್ಲಿ ಹಲವನ್ನು ಕಟ್ಟಿದವರು ತಂದೆತಾಯಿಗಳೇ. 1991ರಲ್ಲಿ ದಿಲ್ಲಿಯಲ್ಲಿ ಮೆರಿ ಬರುವಾ ‘ಆ್ಯಕ್ಷನ್ ಫಾರ್ ಆಟಿಸಂ’ ಶುರುಮಾಡಿದಾಗ ಇಂಥ ಮಕ್ಕಳಿಗೆ ಶಾಲೆಯೇ ಸಿಗುತ್ತಿರಲಿಲ್ಲ. ಅಮೆರಿಕದ ಸಂಸ್ಥೆಯ ಮೇಲಿನ ಸಿಟ್ಟನ್ನು ತಂದು ಇವರೆಲ್ಲರ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ನಿಮ್ಮ ಆಡಳಿತ ಮಂಡಳಿಯಲ್ಲಿ ಆಟಿಸಂ ಇರುವವರು ಎಷ್ಟು ಜನ ಎಂದು ಯಾವ ಸಂಸ್ಥೆಯನ್ನಾದರೂ ಕೇಳಬಹುದು, ಕೇಳಬೇಕು. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯೂ, ಅವರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನೇ ಕೇಳಬೇಕು ಎನ್ನುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ಚಿಕಿತ್ಸೆ ನಿಲ್ಲಿಸಬೇಡಿ, ಅದರ ಗುರಿಯನ್ನು ಪರೀಕ್ಷಿಸಿ. ಕೇಂದ್ರ ಯಾವುದೇ ಇರಲಿ, ಹೆಸರು ನೋಂದಾಯಿಸುವ ಮೊದಲು ಇವನ್ನು ಕೇಳಿ:

ಮಗುವಿನ ಗುರಿಗಳ ಪಟ್ಟಿ ಕೊಡುತ್ತೀರಾ? ಪಟ್ಟಿಯಲ್ಲಿ ‘ನೀರು ಬೇಕು ಎಂದು ತಿಳಿಸುವುದು’, ‘ನೋವಾದರೆ ತೋರಿಸುವುದು’, ‘ಸಾಕು ಎನ್ನುವುದು’ ಇದ್ದರೆ ಒಳ್ಳೆಯದು. ‘ಕೈ ಆಡಿಸದಿರುವುದು’, ‘ಕಣ್ಣು ನೋಡುವುದು’ ಮೊದಲ ಸಾಲಿನಲ್ಲಿದ್ದರೆ ಎಚ್ಚರ.

ಥೆರಪಿ ನಡೆಯುವಾಗ ತಂದೆತಾಯಿ ಒಳಗೆ ಕೂರಬಹುದೇ? ಬಾಗಿಲು ಮುಚ್ಚುವ ಕಡೆ ಮಗುವನ್ನು ಬಿಡಬೇಡಿ.

ಮಗು ಅತ್ತರೆ, ಒಲ್ಲೆ ಎಂದರೆ ಏನು ಮಾಡುತ್ತೀರಿ? ‘ಅಳಲಿ ಬಿಡಿ, ರೂಢಿಯಾಗುತ್ತದೆ’ ಎಂಬ ಉತ್ತರ ಬಂದರೆ ಎದ್ದು ಬನ್ನಿ. ಅಂಗವಿಕಲರನ್ನು ಕ್ರೂರವಾಗಿ ನಡೆಸಿಕೊಳ್ಳುವುದರಿಂದ ರಕ್ಷಿಸಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ.

ಕಲಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ? ವಿಶೇಷ ಶಿಕ್ಷಕರಿಗೆ, ವಾಕ್ ಚಿಕಿತ್ಸಕರಿಗೆ, ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಈ ನೋಂದಣಿ ಇರಬೇಕು.

ಆಟಿಸಂ ‘ಗುಣವಾಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಈ ಚಿಕಿತ್ಸೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರಲ್ಲೇ ಹೇಳಿದೆ.

ವಾರಕ್ಕೆ 40 ತಾಸು ಹೈದರಾಬಾದಿನಲ್ಲಿ ಕಳೆಯಬೇಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಜ್ಞರಲ್ಲದ ಆದರೆ ತರಬೇತಿ ಪಡೆದ ಕಾರ್ಯಕರ್ತರು ಆರು ತಿಂಗಳಲ್ಲಿ 12 ಸಲ ತಂದೆತಾಯಿಯ ಜೊತೆ ಕೂತರು. ತಾಯಿ ಮಗುವಿನ ಆಟದ ವಿಡಿಯೋ ಮಾಡಿ, ಅದನ್ನೇ ತಾಯಿಗೆ ತೋರಿಸಿ, ಮಗು ಏನು ಹೇಳಲು ಹೊರಟಿದೆ ಎಂದು ಗಮನಿಸುವುದನ್ನು ಕಲಿಸಿದರು. ಬದಲಾಗಬೇಕಾದವರು ಮೊದಲು ದೊಡ್ಡವರು ಎಂಬುದು ಆ ವಿಧಾನದ ತಳಹದಿ. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಮಾತು ಬರುವವರೆಗೆ ಕಾಯದೆ ಚಿತ್ರದ ಕಾರ್ಡುಗಳನ್ನೋ, ಚೆನ್ನೈನಲ್ಲಿ ತಯಾರಾದ ‘ಆವಾಜ್’ನಂಥ ಆ್ಯಪನ್ನೋ ಕೊಡಿ.

ರಾಯಚೂರಿಗೆ ಹತ್ತಿರದ ಕೇಂದ್ರ ಸರ್ಕಾರಿ ಸಂಸ್ಥೆಯೆಂದರೆ 1984ರಿಂದ ಸಿಕಂದರಾಬಾದಿನಲ್ಲಿರುವ, ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ. ಮಾತು ಮತ್ತು ಸಂವಹನಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದರೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಸೌಲಭ್ಯವಿದೆ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ.

ಇಷ್ಟೆಲ್ಲ ಆದ ಮೇಲೆ ಒಂದು ವರ್ಷ ಬಿಟ್ಟು ಲೆಕ್ಕ ಹಾಕಿ. ಹುಡುಗ ಎಷ್ಟು ಹೊತ್ತು ಕೈಕಟ್ಟಿ ಕೂರುತ್ತಾನೆ ಎಂದು ಅಳೆಯಬೇಡಿ. ಅವನಿಗೆ ಬೇಕಾದ್ದನ್ನು ಕೇಳಲು ಬರುತ್ತಿದೆಯೇ, ರಾತ್ರಿ ನಿದ್ದೆ ಹತ್ತುತ್ತಿದೆಯೇ, ಥೆರಪಿಗೆ ಹೊರಡುವಾಗ ಚಪ್ಪಲಿ ತಾನೇ ಹಾಕಿಕೊಳ್ಳುತ್ತಾನೋ ಬಾಗಿಲ ಹಿಂದೆ ಅಡಗುತ್ತಾನೋ ಎಂದು ನೋಡಿ. ನೀವು ಓದಿದ ಆ ದೊಡ್ಡವರು ತಮ್ಮ ಬಾಲ್ಯದಲ್ಲಿ ಯಾರಾದರೂ ಇದನ್ನು ಕೇಳಲಿ ಎಂದು ಬಯಸಿದ್ದರು. ಅವರ ಅನುಭವವನ್ನು ನಿಮ್ಮಣ್ಣನ ಮಗನಿಗಾಗಿ ಬಳಸಿಕೊಳ್ಳಿ, ಅವರು ಅದನ್ನು ಬರೆದಿಟ್ಟಿರುವುದೇ ಅದಕ್ಕಾಗಿ.