ಸಿನಿಮಾದ ಬಂಡೆಗಳು ದುಂಡಗಾದದ್ದು ಹೇಗೆ?

ಮಕ್ಕಳೇ, ‘ಶೋಲೆ’ ಎಂಬ ಹಿಂದಿ ಸಿನಿಮಾದ ಹೆಸರು ಕೇಳಿದ್ದೀರಾ? ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಕುದುರೆ ಏರಿ ಬರುವ ದರೋಡೆಕೋರರು, ಅವರನ್ನು ಎದುರಿಸುವ ಇಬ್ಬರು ಗೆಳೆಯರು. ಅಮೆರಿಕದ ಕೌಬಾಯ್ ಚಿತ್ರಗಳನ್ನು ನೆನಪಿಸುವ ಈ ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ನಿರ್ದೇಶಕರು ರಮೇಶ್ ಸಿಪ್ಪಿ. ಕಥೆಯ ಊರು ರಾಮಗಢ. ಆದರೆ ಚಿತ್ರೀಕರಣ ನಡೆದದ್ದು ನಮ್ಮ ರಾಮನಗರದ ರಾಮದೇವರ ಬೆಟ್ಟದ ಬಳಿ! ರಾಮಗಢದ ಮನೆಗಳನ್ನು ಸಿನಿಮಾಕ್ಕೆಂದೇ ಕಟ್ಟಿದ್ದರು. ಅವು ಈಗಿಲ್ಲ. ಬಂಡೆಗಳು ಮಾತ್ರ ಅಲ್ಲಿಯೇ ಇವೆ.

ಬಂಡೆಗೆ ಎಷ್ಟು ವಯಸ್ಸು?

ಸುಮಾರು 250 ಕೋಟಿ ವರ್ಷ! ಆಗ ನೆಲದಾಳದಲ್ಲಿದ್ದ ಶಿಲಾರಸ ಬಹಳ ನಿಧಾನವಾಗಿ ತಣಿದು ಗಟ್ಟಿಯಾಯಿತು. ಆದ್ದರಿಂದ ಅದರಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳು ಬೆಳೆದವು. ಇದೇ ಗ್ರಾನೈಟ್. ಮೇಲಿದ್ದ ಶಿಲೆಗಳು ಸವೆದುಹೋದಾಗ ಅದು ಹೊರಗೆ ಕಾಣಿಸಿಕೊಂಡಿತು. ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಈ ಕಲ್ಲನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ.

ದುಂಡಗಾದದ್ದು ಹೇಗೆ?

ಬಂಡೆಯಲ್ಲಿ ಸೀಳುಗಳಿರುತ್ತವೆ. ಅವುಗಳೊಳಗೆ ಇಳಿದ ಮಳೆನೀರು ಕಲ್ಲನ್ನು ನಿಧಾನವಾಗಿ ಸಡಿಲಗೊಳಿಸಿ ಪುಡಿಯಾಗಿಸುತ್ತದೆ. ಇದೇ ಶಿಥಿಲೀಕರಣ. ಸಮತಟ್ಟಾದ ಮೈಗೆ ನೀರು ಒಂದೇ ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆಗಳು ಬೇಗ ಸವೆದು, ಚೌಕಾಕಾರದ ಕಲ್ಲು ಗುಂಡಾಗುತ್ತದೆ.

ಮಾಡಿ ನೋಡಿ

ಚೌಕಾಕಾರದ ಒಂದು ಅಚ್ಚುಬೆಲ್ಲವನ್ನು ನೀರಿನ ಲೋಟದಲ್ಲಿ ಹಾಕಿ. ಎರಡು ನಿಮಿಷಕ್ಕೊಮ್ಮೆ ಚಮಚದಿಂದ ಎತ್ತಿ, ಅದರ ಚಿತ್ರ ಬರೆಯಿರಿ. ಮೊದಲು ಕರಗಿದ್ದು ಯಾವ ಭಾಗ? ಬೆಲ್ಲ ನೀರಿನಲ್ಲಿ ಕರಗುತ್ತದೆ, ಬಂಡೆ ಹಾಗೆ ಕರಗುವುದಿಲ್ಲ. ಆದರೆ ಎರಡರಲ್ಲೂ ಮೂಲೆಯೇ ಮೊದಲು ಸವೆಯುತ್ತದೆ.

ನಿಮ್ಮ ಸುತ್ತಮುತ್ತ

ಇದನ್ನು ನೋಡಲು ರಾಮನಗರಕ್ಕೇ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ದೊಡ್ಡಬೆಟ್ಟವೂ ಗ್ರಾನೈಟ್ ಬೆಟ್ಟ. ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಕಡೆದದ್ದು ಅದೇ ಕಲ್ಲಿನಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡಿನ ಮಕ್ಕಳೇ, ನಿಮ್ಮೂರಿನ ಜಗಲಿಯ ಚಪ್ಪಡಿಯನ್ನೋ ಒರಳುಕಲ್ಲನ್ನೋ ಭೂತಗನ್ನಡಿಯಲ್ಲಿ ನೋಡಿ. ಅದರಲ್ಲಿ ಹರಳುಗಳು ಕಾಣುತ್ತವೆಯೇ? ಹೊಳೆಯುವ ಕಾಗೆಬಂಗಾರ ಇದೆಯೇ?

ಬೆಟ್ಟ ಯಾರದು?

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಇವು ಅಳಿವಿನ ಅಂಚಿನಲ್ಲಿರುವ ಹಕ್ಕಿಗಳು. ಅವುಗಳ ರಕ್ಷಣೆಗಾಗಿ 2012ರಲ್ಲಿ ಅಲ್ಲಿ ರಣಹದ್ದು ವನ್ಯಧಾಮ ಘೋಷಣೆಯಾಯಿತು. ಸಿನಿಮಾದ ಊರನ್ನು ಇನ್ನೊಮ್ಮೆ ಕಟ್ಟಬಹುದು. ಒಡೆದುಹೋದ ಬೆಟ್ಟವನ್ನು ಕಟ್ಟಲು ಸಾಧ್ಯವೇ? ನಿಮ್ಮೂರಿನ ಗುಡ್ಡದಲ್ಲಿ ಯಾವ ಯಾವ ಹಕ್ಕಿಗಳಿವೆ? ದೂರದಿಂದಲೇ ಗಮನಿಸಿ, ಪಟ್ಟಿ ಮಾಡಿ, ತರಗತಿಯಲ್ಲಿ ಓದಿ ಹೇಳಿ.