ಮನೆಯಲ್ಲಿಯೇ ಹಿರಿಯರ ಆರೈಕೆ: ಬರಲಿರುವ ನಿಯಮಗಳಿಗೆ ಆರೈಕೆದಾರರನ್ನು ಸಜ್ಜುಗೊಳಿಸುವ ಬಗೆ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಮನೆಯಲ್ಲಿಯೇ ಹಿರಿಯ ನಾಗರಿಕರ ಆರೈಕೆ ಮಾಡುವ ವ್ಯಕ್ತಿಗಳು ಮತ್ತು ಸಂಸ್ಥೆಗಳಿಗೆ ಈಗ ಅನ್ವಯವಾಗುವ ಕಾನೂನುಗಳು ಯಾವುವು, ಮುಂದೆ ಬರಬಹುದಾದ ನಿಯಂತ್ರಣದ ಸ್ವರೂಪವೇನು, ಅದಕ್ಕಾಗಿ ಗ್ರಾಮ ಪಂಚಾಯಿತಿಯು ಈಗಲೇ ಕೈಗೊಳ್ಳಬಹುದಾದ ಸಿದ್ಧತೆ ಏನು ಎಂಬುದನ್ನು ಸದಸ್ಯರಿಗೆ ಮನವರಿಕೆ ಮಾಡಿಕೊಡುವುದು ಈ ಪಾಠದ ಉದ್ದೇಶ.

1. ಹಿನ್ನೆಲೆ

2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ 60 ವರ್ಷ ಮೇಲ್ಪಟ್ಟವರ ಪಾಲು ಶೇ. 8.6 ಆಗಿದ್ದರೆ, ಕರ್ನಾಟಕದಲ್ಲಿ ಅದು ಸುಮಾರು ಶೇ. 9.5 ಇತ್ತು. ಪಕ್ಷಿಧಾಮದಿಂದ ಹೆಸರಾದ ಗುಡವಿಯ ಸುತ್ತಮುತ್ತ, ಹಾಗೆಯೇ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಇತರ ಊರುಗಳಲ್ಲಿ ಈ ಅಂಕಿಗಳ ಅರ್ಥ ಕಣ್ಣಿಗೇ ಕಾಣುತ್ತದೆ. ಮಕ್ಕಳು ಓದು, ಉದ್ಯೋಗಗಳಿಗಾಗಿ ಶಿವಮೊಗ್ಗ, ಬೆಂಗಳೂರುಗಳನ್ನು ಸೇರಿದ್ದಾರೆ. ಗದ್ದೆ, ಅಡಿಕೆ ತೋಟಗಳ ನಡುವಿನ ಮನೆಯಲ್ಲಿ ವಯಸ್ಸಾದ ತಂದೆತಾಯಿಗಳು ಉಳಿದಿದ್ದಾರೆ. ಮನೆಯಿಂದ ಮನೆಗೆ ದೂರ ಹೆಚ್ಚು. ಮಳೆಗಾಲದಲ್ಲಿ ರಾತ್ರಿ ಬಿದ್ದ ಅಜ್ಜಿಯನ್ನು ಎತ್ತಲು ಕೂಗಳತೆಯಲ್ಲಿ ಯಾರೂ ಇಲ್ಲದಿರುವ ಮನೆಗಳು ಪ್ರತಿಯೊಂದು ವಾರ್ಡಿನಲ್ಲಿಯೂ ಇರಬಹುದು.

ಇಂತಹ ಮನೆಗಳಿಗೆ ಮಕ್ಕಳು ಸಂಬಳಕ್ಕೆ ಆರೈಕೆದಾರರನ್ನು ನೇಮಿಸುತ್ತಾರೆ. ಕೆಲವರು ಪಟ್ಟಣದ ಸಂಸ್ಥೆಗಳ ಮೂಲಕ ಬರುತ್ತಾರೆ. ಹೆಚ್ಚಿನವರು ಅದೇ ಊರಿನ ಅಥವಾ ನೆರೆಯೂರಿನ ಮಹಿಳೆಯರು. ಇವರೆಲ್ಲರನ್ನೂ ಜನರು ‘ಹೋಮ್ ನರ್ಸ್’ ಎಂದೇ ಕರೆಯುತ್ತಾರೆ. ಆದರೆ ಶುಶ್ರೂಷಾ ಶಿಕ್ಷಣ ಪಡೆದು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ನರ್ಸ್ ಆಗಿರುತ್ತಾರೆ. ಉಳಿದವರು ಆರೈಕೆದಾರರು. ಈ ಭೇದವನ್ನು ಸದಸ್ಯರು ಮೊದಲು ಅರಿತಿರತಕ್ಕದ್ದು; ಮುಂದಿನ ಎಲ್ಲ ಹೊಣೆಗಾರಿಕೆಗಳೂ ಇದರ ಮೇಲೆ ನಿಂತಿವೆ.

2. ಈಗ ಜಾರಿಯಲ್ಲಿರುವ ಕಾನೂನು

ಈ ವಿಷಯದಲ್ಲಿ ಮೂಲ ಕಾನೂನು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ. ಅದರ ಮುಖ್ಯ ಅಂಶಗಳು ಇಂತಿವೆ:

(ಅ) ತಮ್ಮ ಸಂಪಾದನೆ ಅಥವಾ ಆಸ್ತಿಯಿಂದ ಜೀವನ ನಡೆಸಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಸಾಗರ ಉಪವಿಭಾಗಕ್ಕೆ ಸೇರಿವೆ.

(ಆ) ಮಾಸಿಕ ಜೀವನಾಂಶಕ್ಕೆ ನೋಟಿಸು ತಲುಪಿದ ದಿನದಿಂದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ ವಿಸ್ತರಿಸಬಹುದು. ಅಧಿನಿಯಮವು ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಗಳ ಮಿತಿಯನ್ನು ಇರಿಸಿದೆ.

(ಇ) 23ನೇ ಪ್ರಕರಣದಂತೆ, ಆರೈಕೆ ಮಾಡುವ ಷರತ್ತಿನ ಮೇಲೆ ಆಸ್ತಿಯನ್ನು ಪಡೆದವರು ಆರೈಕೆ ಮಾಡದಿದ್ದಲ್ಲಿ, ಆ ವರ್ಗಾವಣೆಯನ್ನು ನ್ಯಾಯಾಧಿಕರಣವು ಅನೂರ್ಜಿತವೆಂದು ಘೋಷಿಸಬಹುದು. ದಾನಪತ್ರ ಬರೆದುಕೊಡುವ ಹಿರಿಯರು ಆರೈಕೆಯ ಷರತ್ತನ್ನು ಪತ್ರದಲ್ಲಿಯೇ ನಮೂದಿಸುವಂತೆ ಸದಸ್ಯರು ತಿಳಿಹೇಳುವುದು ಉಚಿತ. ಷರತ್ತು ಬಾಯಿಮಾತಿನಲ್ಲಿ ಉಳಿದರೆ ಮುಂದೆ ಅದನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

(ಈ) 24ನೇ ಪ್ರಕರಣದಂತೆ, ಹಿರಿಯರ ಹೊಣೆ ಹೊತ್ತವರು ಅವರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವುದು ಅಪರಾಧ. ಇದಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಈ ಅಧಿನಿಯಮವು ವೃದ್ಧಾಶ್ರಮಗಳ ಬಗ್ಗೆ ಹೇಳುತ್ತದೆ. ಮನೆಗೆ ಬಂದು ಆರೈಕೆ ಮಾಡುವವರ ನೋಂದಣಿ, ತರಬೇತಿ ಅಥವಾ ಗುಣಮಟ್ಟದ ಬಗ್ಗೆ ಹೇಳುವುದಿಲ್ಲ. ಕೊರತೆ ಇರುವುದು ಇಲ್ಲಿಯೇ.

3. ಬರಬಹುದಾದ ನಿಯಂತ್ರಣ

ಈ ಕೊರತೆಯನ್ನು ನೀಗಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ವಿಧೇಯಕವೊಂದು ಮಂಡನೆಯಾಯಿತು. ಹಿರಿಯರ ಆರೈಕೆ ಗೃಹಗಳ ಮತ್ತು ಮನೆ ಆರೈಕೆ ಸೇವಾ ಸಂಸ್ಥೆಗಳ ನೋಂದಣಿ, ಕನಿಷ್ಠ ಗುಣಮಟ್ಟ, ಪ್ರತಿ ಪೊಲೀಸ್ ಠಾಣೆಯಲ್ಲಿ ಹಿರಿಯರಿಗಾಗಿ ಒಬ್ಬ ನೋಡಲ್ ಅಧಿಕಾರಿ, ಜೀವನಾಂಶದ ಮಿತಿಯ ರದ್ದತಿ ಇವು ಅದರಲ್ಲಿದ್ದ ಪ್ರಸ್ತಾವಗಳು. 17ನೇ ಲೋಕಸಭೆಯ ಅವಧಿಯಲ್ಲಿ ಅದು ಅಂಗೀಕಾರವಾಗಲಿಲ್ಲ. ಆದರೂ ನಿಯಂತ್ರಣವು ಬಂದಾಗ ಯಾವ ದಿಕ್ಕಿನಿಂದ ಬರುವುದೆಂಬುದನ್ನು ಈ ವಿಧೇಯಕವು ಸ್ಪಷ್ಟವಾಗಿ ತೋರಿಸಿದೆ: ನೋಂದಣಿ, ತರಬೇತಿ, ದಾಖಲೆ, ದೂರು ನಿವಾರಣೆ.

ನಿಯಮ ಬರಲಿ, ಆಗ ನೋಡೋಣ ಎಂಬ ನಿಲುವಿನಿಂದ ಎರಡು ಬಗೆಯ ಹಾನಿ ಉಂಟು. ಒಂದು, ಅಲ್ಲಿಯವರೆಗೆ ಹಿರಿಯರ ಸುರಕ್ಷತೆಯನ್ನು ಕೇಳುವವರಿರುವುದಿಲ್ಲ. ಎರಡು, ನಿಯಮ ಬಂದ ದಿನ ತೊಂದರೆಗೆ ಸಿಲುಕುವವರು ದೊಡ್ಡ ಸಂಸ್ಥೆಗಳಲ್ಲ. ಅವರಿಗೆ ಕಾಗದಪತ್ರ ಮಾಡಿಸಲು ಸಿಬ್ಬಂದಿ ಇರುತ್ತಾರೆ. ಹತ್ತು ವರ್ಷಗಳಿಂದ ನಿಷ್ಠೆಯಿಂದ ಅಜ್ಜ ಅಜ್ಜಿಯರನ್ನು ನೋಡಿಕೊಂಡು ಬಂದ, ಆದರೆ ಕೈಯಲ್ಲಿ ಒಂದು ಪ್ರಮಾಣಪತ್ರವೂ ಇಲ್ಲದ ಊರಿನ ಮಹಿಳೆ ಕೆಲಸ ಕಳೆದುಕೊಳ್ಳುತ್ತಾಳೆ. ಅವಳೊಂದಿಗೆ ಆ ಮನೆಯ ಹಿರಿಯರೂ ಆಸರೆ ಕಳೆದುಕೊಳ್ಳುತ್ತಾರೆ. ಈ ಇಬ್ಬರನ್ನೂ ಉಳಿಸಿಕೊಳ್ಳುವುದಕ್ಕಾಗಿಯೇ ಪೂರ್ವಸಿದ್ಧತೆ ಬೇಕಾಗಿದೆ.

4. ಆರೈಕೆದಾರರು ಮಾಡಬಹುದಾದುದು, ಮಾಡಬಾರದುದು

ಸ್ನಾನ ಮಾಡಿಸುವುದು, ಉಣಿಸುವುದು, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನೀಡುವುದು, ನಡೆಯಲು ಆಸರೆಯಾಗುವುದು, ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಇವು ಆರೈಕೆದಾರರ ಕೆಲಸಗಳು. ರಕ್ತನಾಳಕ್ಕೆ ಸೂಜಿ ಹಾಕುವುದು, ಗ್ಲೂಕೋಸ್ ಏರಿಸುವುದು, ಮೂತ್ರದ ನಳಿಕೆ ಅಥವಾ ಮೂಗಿನ ನಳಿಕೆಯನ್ನು ಹಾಕುವುದು, ತಾವೇ ಔಷಧ ಬದಲಿಸುವುದು ಅವರ ಕೆಲಸವಲ್ಲ. ಇವುಗಳಿಗೆ ನೋಂದಾಯಿತ ನರ್ಸ್ ಅಥವಾ ವೈದ್ಯರೇ ಬೇಕು. ಮನೆಯವರು ಒತ್ತಾಯಿಸಿದರೂ ಆರೈಕೆದಾರರು ನಿರಾಕರಿಸತಕ್ಕದ್ದು. ಹಾಗೆ ನಿರಾಕರಿಸಿದ ಕಾರಣಕ್ಕೆ ಅವರ ಸಂಬಳ ಕಡಿತವಾಗಬಾರದು.

ಈ ಭಾಗದ ಆರೈಕೆದಾರರಿಗೆ ಇನ್ನೊಂದು ತಿಳಿವಳಿಕೆ ಅಗತ್ಯ. ಮಂಗನ ಕಾಯಿಲೆಯು 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳಿಂದ ಹರಡುವ ಈ ರೋಗ ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡರೆ ವಯಸ್ಸಿನ ಆಯಾಸವೆಂದು ಉಪೇಕ್ಷಿಸದೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿರಿಯರು ಕಾಡಿಗೆ ಹೋಗದಿದ್ದರೂ ಸೊಪ್ಪು, ತರಗೆಲೆ, ದನಕರುಗಳೊಂದಿಗೆ ಉಣುಗು ಮನೆಯಂಗಳಕ್ಕೆ ಬರಬಹುದು.

5. ಪ್ರತಿ ಮನೆಯಲ್ಲಿಯೂ ಇರಬೇಕಾದ ದಾಖಲೆಗಳು

(ಅ) ಲಿಖಿತ ಒಪ್ಪಂದ: ಕೆಲಸದ ವಿವರ, ಅವಧಿ, ಸಂಬಳ, ವಾರದ ರಜೆ, ವಾಸ ಮತ್ತು ಊಟದ ವ್ಯವಸ್ಥೆ. ಸಂಬಳವು ಬ್ಯಾಂಕ್ ಖಾತೆಯ ಮೂಲಕ ಪಾವತಿಯಾದರೆ ವಿವಾದಕ್ಕೆ ಎಡೆಯಿರುವುದಿಲ್ಲ.

(ಆ) ಗುರುತಿನ ದಾಖಲೆ ಮತ್ತು ಪೊಲೀಸ್ ಪರಿಶೀಲನೆ: ಮನೆಗೆಲಸದವರ ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿದೆ.

(ಇ) ದಿನಚರಿ ಪುಸ್ತಕ: ಊಟ, ಔಷಧ, ಮಲಮೂತ್ರ, ಚರ್ಮದ ಸ್ಥಿತಿ, ಬಿದ್ದ ಘಟನೆ, ವೈದ್ಯರ ಭೇಟಿ. ಐದು ನಿಮಿಷದ ಬರವಣಿಗೆಯು ಹಿರಿಯರಿಗೂ ಆರೈಕೆದಾರರಿಗೂ ಸಮಾನ ರಕ್ಷಣೆ ನೀಡುತ್ತದೆ. ‘ಅಮ್ಮನಿಗೆ ಮಾತ್ರೆ ಕೊಡಲಿಲ್ಲ’ ಎಂದು ದೂರದ ಮಗ ಆಕ್ಷೇಪಿಸಿದಾಗ ಉತ್ತರ ನೀಡುವುದು ಆ ಪುಸ್ತಕವೇ.

(ಈ) ಹಣದ ಶಿಸ್ತು: ಹಿರಿಯರ ಎಟಿಎಂ ಕಾರ್ಡ್, ಪಾಸ್‌ಬುಕ್, ಪಿಂಚಣಿ ಹಣ ಆರೈಕೆದಾರರ ವಶದಲ್ಲಿರಬಾರದು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸುವ ಯಾರನ್ನೇ ಆಗಲಿ, ಸಂಬಂಧಿಕರನ್ನೂ ಸೇರಿಸಿ, ಸದಸ್ಯರು ಪ್ರಶ್ನಿಸಬೇಕು.

(ಉ) ತ್ಯಾಜ್ಯ: ಬಳಸಿದ ಸೂಜಿ, ಸಿರಿಂಜ್, ಗಾಯದ ಬಟ್ಟೆ ಇವುಗಳನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಅವುಗಳನ್ನು ಹಸಿ ಕಸ, ಒಣ ಕಸಗಳೊಂದಿಗೆ ಬೆರೆಸದೆ, ಗಟ್ಟಿ ಡಬ್ಬಿಯಲ್ಲಿಟ್ಟು ಪ್ರತ್ಯೇಕವಾಗಿ ನೀಡಬೇಕು. ಇದು ಪಂಚಾಯಿತಿಯ ಸ್ವಚ್ಛತಾ ವಾಹನದಲ್ಲಿ ದುಡಿಯುವ ಮಹಿಳೆಯರ ಕೈಗಳ ಪ್ರಶ್ನೆಯೂ ಹೌದು.

6. ಆರೈಕೆದಾರರ ಹಕ್ಕುಗಳು

ಆರೈಕೆದಾರರು ಕಾರ್ಮಿಕರೆಂಬುದನ್ನು ಮರೆಯಲಾಗದು. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ಪೋರ್ಟಲ್‌ನಲ್ಲಿ 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ನೋಂದಾಯಿಸಿಕೊಳ್ಳಬಹುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮವು ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸುತ್ತದೆ. ಇಂತಹ ದೂರುಗಳನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಬಹುದು. 14 ವರ್ಷದೊಳಗಿನ ಮಕ್ಕಳನ್ನು ಈ ಕೆಲಸಕ್ಕೆ ನೇಮಿಸುವುದು ಕಾನೂನುಬಾಹಿರ. ಹಗಲೂ ರಾತ್ರಿಯೂ ಒಬ್ಬರೇ ಎಚ್ಚರವಿರಬೇಕೆಂದು ನಿರೀಕ್ಷಿಸುವುದು ಆರೈಕೆಯ ಗುಣಮಟ್ಟಕ್ಕೂ ಮಾರಕ: ನಿದ್ದೆಗೆಟ್ಟ ಆರೈಕೆದಾರರಿಂದ ಔಷಧ ತಪ್ಪುವ ಸಂಭವ ಹೆಚ್ಚು.

7. ಗ್ರಾಮ ಪಂಚಾಯಿತಿಯ ಪಾತ್ರ

ಮನೆ ಆರೈಕೆಗೆ ಪರವಾನಗಿ ನೀಡುವ ಪ್ರಾಧಿಕಾರ ಗ್ರಾಮ ಪಂಚಾಯಿತಿಯಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಆದುದರಿಂದ ಈ ಹೆಸರಿನಲ್ಲಿ ಶುಲ್ಕ ವಸೂಲಿ ಮಾಡುವುದಾಗಲೀ, ಯಾರನ್ನಾದರೂ ಕೆಲಸದಿಂದ ತಡೆಯುವುದಾಗಲೀ ಸಲ್ಲದು. ಮನವೊಲಿಕೆ, ಮಾಹಿತಿ ಮತ್ತು ಸಮನ್ವಯ ಅದರ ಕೈಯಲ್ಲಿರುವ ಸಾಧನಗಳು. ಈ ಮಿತಿಯೊಳಗೆ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು:

ಮೊದಲನೆಯದಾಗಿ, ವಾರ್ಡ್ ಸಭೆಯ ಮೂಲಕ ಒಂಟಿಯಾಗಿರುವ ಮತ್ತು ಹಾಸಿಗೆ ಹಿಡಿದ ಹಿರಿಯರ ಪಟ್ಟಿಯನ್ನು, ಹಾಗೆಯೇ ಆರೈಕೆದಾರರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಸಿದ್ಧಪಡಿಸುವುದು. ಆಶಾ ಕಾರ್ಯಕರ್ತೆ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯುವುದು. ಒಂಟಿ ಹಿರಿಯರ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬಾರದು. ಅದು ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ.

ಎರಡನೆಯದಾಗಿ, ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ಈ ವಿಷಯದ ಹೊಣೆ ವಹಿಸಿ, ಅದರ ಸಭೆಗಳಲ್ಲಿ ನಿಯತವಾಗಿ ಪರಿಶೀಲಿಸುವುದು.

ಮೂರನೆಯದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಸಹಕಾರದಿಂದ ಆರೈಕೆದಾರರಿಗೂ ಕುಟುಂಬದವರಿಗೂ ತಿಳಿವಳಿಕೆ ಶಿಬಿರ ನಡೆಸುವುದು. ಸಂಜೀವಿನಿ ಒಕ್ಕೂಟದ ಆಸಕ್ತ ಸದಸ್ಯೆಯರನ್ನು ಸೇರಿಸಿಕೊಳ್ಳುವುದು. ಹಾಜರಾದವರ ದಾಖಲೆಯನ್ನು ಪಂಚಾಯಿತಿಯಲ್ಲಿ ಕಾಯ್ದಿರಿಸುವುದು. ಮುಂದೆ ಅನುಭವ ಮತ್ತು ತರಬೇತಿಯ ಪುರಾವೆ ಕೇಳಿದಾಗ ಇದು ಅವರಿಗೆ ನೆರವಾದೀತು.

ನಾಲ್ಕನೆಯದಾಗಿ, ‘ನಮ್ಮ ಗ್ರಾಮ ನಮ್ಮ ಯೋಜನೆ’ ಸಿದ್ಧತೆಯ ವೇಳೆ ಹಿರಿಯರ ಆರೈಕೆಯನ್ನು ಆರೋಗ್ಯ ಹಾಗೂ ಸಾಮಾಜಿಕ ಭದ್ರತೆಯ ವಿಷಯಗಳಡಿ ಸೇರಿಸುವುದು.

ಐದನೆಯದಾಗಿ, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ತುರ್ತು ನೆರವಿನ 112 ಮತ್ತು ಆಂಬುಲೆನ್ಸ್ 108 ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಪ್ರತಿ ಹಿರಿಯರ ಮನೆಯ ಗೋಡೆಗೆ ಅಂಟಿಸುವುದು.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವಾರ್ಡಿನಲ್ಲಿ ರಾತ್ರಿ ಒಂಟಿಯಾಗಿರುವ ಹಿರಿಯರು ಎಷ್ಟು ಮಂದಿ? ಅವರ ಮನೆಗೆ ಮೊದಲು ತಲುಪಬಲ್ಲವರು ಯಾರು?
2. ಸಂಬಳಕ್ಕೆ ಆರೈಕೆ ಮಾಡುತ್ತಿರುವವರಲ್ಲಿ ಎಷ್ಟು ಮಂದಿಗೆ ಲಿಖಿತ ಒಪ್ಪಂದವಿದೆ?
3. ಹಿರಿಯರೊಬ್ಬರ ಮೈಮೇಲೆ ಗಾಯದ ಗುರುತು ಕಂಡಲ್ಲಿ ಸದಸ್ಯರು ಯಾರಿಗೆ, ಹೇಗೆ ತಿಳಿಸಬೇಕು?
4. ಆರೈಕೆದಾರರಿಲ್ಲದ, ಹಣವೂ ಇಲ್ಲದ ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ ಹೊರತಾಗಿ ಊರು ಏನು ಮಾಡಬಲ್ಲದು?

ಸಮಾರೋಪ

ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ಆರೈಕೆಗೆ ಸಾಕ್ಷಿಗಳಿರುವುದಿಲ್ಲ. ಅಲ್ಲಿ ಒಳ್ಳೆಯದು ನಡೆದರೂ ಹೊರಗೆ ಕಾಣದು. ಕೆಟ್ಟದ್ದು ನಡೆದರೂ ಕಾಣದು. ಕಾನೂನು ದೆಹಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ರೂಪುಗೊಳ್ಳಬಹುದು. ಆದರೆ ಆ ಬಾಗಿಲನ್ನು ತಟ್ಟಿ ‘ಅಜ್ಜಿ, ಹೇಗಿದ್ದೀರಿ?’ ಎಂದು ಕೇಳಬಲ್ಲವರು ವಾರ್ಡಿನ ಸದಸ್ಯರೇ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೊದಲ ಹೆಜ್ಜೆಯಾಗಿ ವಾರ್ಡುವಾರು ಪಟ್ಟಿಯನ್ನು ಸಿದ್ಧಪಡಿಸಲು ನಿರ್ಣಯ ಕೈಗೊಳ್ಳುವುದು ಅಪೇಕ್ಷಣೀಯ.