ಹಳೆಯ ಆಭರಣಗಳ ಮುದ್ರೆ ಮತ್ತು ಕಾಲನಿರ್ಣಯ

ಹಳೆಯ ಆಭರಣದ ಬೆಲೆಯು ತೂಕದಿಂದಷ್ಟೇ ಅಲ್ಲದೆ, ಕಾಲದಿಂದಲೂ ನಿರ್ಧಾರವಾಗುತ್ತದೆ. ಬ್ರಿಟನ್ನಿನಲ್ಲಿ ವಿಧಿವತ್ತಾಗಿ ಪರೀಕ್ಷೆಗೊಂಡ ಹಳೆಯ ಚಿನ್ನಾಭರಣದ ಮೇಲೆ ಸಾಮಾನ್ಯವಾಗಿ ನಾಲ್ಕು ಗುರುತುಗಳಿರುತ್ತವೆ: ತಯಾರಕರ ಮೊದಲಕ್ಷರಗಳು, ಶುದ್ಧತೆಯ ಅಂಕಿ, ಪರೀಕ್ಷಾ ಕಚೇರಿಯ ಚಿಹ್ನೆ ಹಾಗೂ ವರ್ಷಸೂಚಕ ಅಕ್ಷರ. ಲಂಗರು ಬರ್ಮಿಂಗ್‌ಹ್ಯಾಮಿನ ಚಿಹ್ನೆ. ಚಿರತೆಯ ತಲೆ ಲಂಡನ್ನಿನದು.

ತಯಾರಕರ ಮುದ್ರೆಯು ದಶಕಗಳ ಕಾಲ ಬಳಕೆಯಲ್ಲಿರಬಹುದಾದುದರಿಂದ, ಅದೊಂದರಿಂದಲೇ ವರ್ಷವನ್ನು ನಿರ್ಧರಿಸಲಾಗದು. ವರ್ಷಾಕ್ಷರವು ಸವೆದಿದ್ದಲ್ಲಿ ಶುದ್ಧತೆಯ ಅಂಕಿ ನೆರವಾಗುತ್ತದೆ. 1854ರಲ್ಲಿ ಜಾರಿಗೆ ಬಂದ 12 ಮತ್ತು 15 ಕ್ಯಾರಟ್ ದರ್ಜೆಗಳನ್ನು 1932ರಲ್ಲಿ ಕೈಬಿಟ್ಟು, 14 ಕ್ಯಾರಟ್ ದರ್ಜೆಯನ್ನು ತರಲಾಯಿತು. ಆದಕಾರಣ, 1901ರಲ್ಲಿ ನಿಧನರಾದ ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಹೇಳುವ ಒಡವೆಯ ಮೇಲೆ ಬ್ರಿಟಿಷ್ ಕಚೇರಿಯ 14 ಕ್ಯಾರಟ್ ಮುದ್ರೆಯಿದ್ದರೆ, ಮಾರುವವರ ಮಾತನ್ನು ನಂಬಿ ಹೆಚ್ಚಿನ ಬೆಲೆ ತೆರುವುದು ಸಲ್ಲದು.

ಕೊಂಡಿಯನ್ನು ನಂತರ ಬದಲಿಸಿರಬಹುದು; ಮುಖ್ಯ ಭಾಗದ ಮುದ್ರೆಯನ್ನೂ ಪರಿಶೀಲಿಸತಕ್ಕದ್ದು. ಖರೀದಿಯ ಬಿಲ್ಲಿನಲ್ಲಿ ಎಲ್ಲ ಮುದ್ರೆಗಳನ್ನು ನಮೂದಿಸಿಕೊಳ್ಳುವುದು ವರ್ತಕರಿಗೆ ಹಿತಕರ.